ಕೋನದಿಂದ ಕಿಲೋಮೀಟರಿಗೆ: ಆಕಾಶವನ್ನು ಅಳೆಯಲು ಯಾವ ಮಾನ, ಯಾವ ಲೆಕ್ಕ

ಸೂರ್ಯನೂ ಚಂದ್ರನೂ ಆಕಾಶದಲ್ಲಿ ಹೆಚ್ಚುಕಡಿಮೆ ಅರ್ಧ ಡಿಗ್ರಿ ಅಗಲಕ್ಕೆ ಕಾಣುತ್ತವೆ. ಆದರೆ ಸೂರ್ಯನ ವ್ಯಾಸ ಚಂದ್ರನದರ 400 ಪಟ್ಟು. ಕಣ್ಣಿಗಾಗಲಿ ದೂರದರ್ಶಕಕ್ಕಾಗಲಿ ಗಾತ್ರ ಸಿಗುವುದಿಲ್ಲ, ಸಿಗುವುದು ಕೋನ. ಕೋನ, ದೂರ, ಗಾತ್ರ ಈ ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಬರುತ್ತದೆ. ಜ್ಯೋತಿರ್ವರ್ಷ, ಪಾರ್ಸೆಕ್ ಎಂದೆಲ್ಲ ಕಲಿಯುವ ಮೊದಲು ಈ ಒಂದು ಲೆಕ್ಕ ಕೈಗೆ ಹತ್ತಬೇಕು.

ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್. ಪಂಚಾಂಗ ನೋಡುವವರಿಗೆ ಅಂಶ, ಕಲೆ, ವಿಕಲೆ ಎಂದರೆ ಸಾಕು. ಸೂತ್ರ ಇಷ್ಟು:

ಗಾತ್ರ = ದೂರ × ಕೋನ ÷ 206265

ಇಲ್ಲಿ ಕೋನ ಆರ್ಕ್‌ಸೆಕೆಂಡಿನಲ್ಲಿರಬೇಕು. ಆರ್ಕ್‌ಮಿನಿಟಿನಲ್ಲಿದ್ದರೆ 3438ರಿಂದ, ಡಿಗ್ರಿಯಲ್ಲಿದ್ದರೆ 57.3ರಿಂದ ಭಾಗಿಸಿ. (ಆರ್ಯಭಟನ ಜ್ಯಾ (ಸೈನ್) ಕೋಷ್ಟಕ ಹಿಡಿದ ತ್ರಿಜ್ಯವೂ ಇದೇ 3438.) ದೂರವನ್ನು ಯಾವ ಮಾನದಲ್ಲಿ ಕೊಟ್ಟಿರೋ ಗಾತ್ರವೂ ಅದೇ ಮಾನದಲ್ಲಿ ಬರುತ್ತದೆ. ನಾಲ್ಕೈದು ಡಿಗ್ರಿಯವರೆಗೆ ಈ ಸೂತ್ರದ ತಪ್ಪು ಗಣನೆಗೆ ಬಾರದಷ್ಟು ಚಿಕ್ಕದು. ಇನ್ನೂ ದೊಡ್ಡ ಕೋನಕ್ಕೆ ತ್ರಿಕೋನಮಿತಿಯೇ ಬೇಕು.

ಸೂರ್ಯನಿಂದ ಶುರುಮಾಡಿ

ಸೂರ್ಯನನ್ನು ನೇರ ನೋಡದೆಯೇ ಅಳೆಯಬಹುದು. ಗಟ್ಟಿ ರಟ್ಟಿನಲ್ಲಿ 2 ಮಿ.ಮೀ. ತೂತು ಮಾಡಿ, ಅದರಿಂದ ಬಂದ ಬಿಸಿಲನ್ನು ಕತ್ತಲು ಕೋಣೆಯಲ್ಲಿ 3 ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬೀಳಿಸಿ. ಸುಮಾರು 28 ಮಿ.ಮೀ. ಅಗಲದ ಬೆಳಕಿನ ಬಿಲ್ಲೆ ಕಾಣುತ್ತದೆ. ಹಂಚಿನ ಮನೆಯಲ್ಲಿ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬೆಳಕು ಇದೇ, ತೂತಿನ ಆಕಾರ ಏನೇ ಇದ್ದರೂ ಅಲ್ಲಿ ಮೂಡುವುದು ಸೂರ್ಯಬಿಂಬ. ಈಗ ಲೆಕ್ಕ: 28 ÷ 3000 × 14.96 ಕೋಟಿ ಕಿ.ಮೀ. (ಸೂರ್ಯನ ಸರಾಸರಿ ದೂರ) = 13.96 ಲಕ್ಷ ಕಿ.ಮೀ. ನಿಜವಾದ ವ್ಯಾಸ 13.91 ಲಕ್ಷ.

ಇಷ್ಟು ಚೆನ್ನಾಗಿ ಬರದಿದ್ದರೆ ಎರಡು ಕಡೆ ನೋಡಿ. ಬಿಂಬದ ಅಂಚಿನ ಮಬ್ಬನ್ನೂ ಸೇರಿಸಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ತೂತಿನ ವ್ಯಾಸವೂ ಸೇರಿಕೊಂಡು 30 ಮಿ.ಮೀ. ಬರುತ್ತದೆ. ಹಾಗೆ ಅಳೆದಾಗ 2 ಮಿ.ಮೀ. ಕಳೆಯಬೇಕು, ಇಲ್ಲದಿದ್ದರೆ ಶೇಕಡಾ 7ರಷ್ಟು ತಪ್ಪು. ಎರಡನೆಯದು, ಹಾಳೆ ಕಿರಣಗಳಿಗೆ ಲಂಬವಾಗಿಲ್ಲದಿದ್ದರೆ ಬಿಂಬ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಆಗ ಕಿರಿದಾದ ಅಗಲವನ್ನು ಮಾತ್ರ ಅಳೆಯಿರಿ. ಇನ್ನೂ ನಿಖರತೆ ಬೇಕೆಂದರೆ ಸಣ್ಣ ಕನ್ನಡಿಗೆ ಕಾಗದ ಅಂಟಿಸಿ 1 ಸೆಂ.ಮೀ. ಕಿಂಡಿ ಬಿಡಿ, ಬಿಸಿಲನ್ನು 10 ಮೀಟರ್ ದೂರದ ಗೋಡೆಗೆ ಹಾಯಿಸಿ. ಬಿಂಬ 93 ಮಿ.ಮೀ. ಆಗುತ್ತದೆ. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳಬಾರದು.

ಭೂಮಿ ಜನವರಿ ಮೊದಲ ವಾರ ಸೂರ್ಯನಿಂದ 14.71 ಕೋಟಿ ಕಿ.ಮೀ. ದೂರದಲ್ಲಿದ್ದರೆ ಜುಲೈ ಮೊದಲ ವಾರ 15.21 ಕೋಟಿ. 3 ಮೀಟರಿನ ಬಿಂಬದಲ್ಲಿ ಈ ವ್ಯತ್ಯಾಸ ಬರೀ 1 ಮಿ.ಮೀ., 10 ಮೀಟರಿನಲ್ಲಿ 3 ಮಿ.ಮೀ. ದೊಡ್ಡ ಬಿಂಬಕ್ಕೆ ಕಷ್ಟಪಡುವುದು ಇದಕ್ಕೇ.

ಚಂದ್ರನಿಗೆ ಇನ್ನೂ ಸುಲಭದ ದಾರಿಯಿದೆ. 20 ಮಿ.ಮೀ. ಅಗಲದ ದುಂಡು ರಟ್ಟನ್ನು ಕೋಲಿಗೆ ಸಿಕ್ಕಿಸಿ, ಅದು ಹುಣ್ಣಿಮೆ ಚಂದ್ರನನ್ನು ಸರಿಯಾಗಿ ಮುಚ್ಚುವ ತನಕ ಹಿಂದೆ ಸರಿಯಿರಿ. ಕಣ್ಣಿನಿಂದ ರಟ್ಟಿಗೆ 2.2 ಮೀಟರ್ ಬಂದರೆ ಕೋನ 20 ÷ 2200 × 3438, ಅಂದರೆ 31 ಆರ್ಕ್‌ಮಿನಿಟ್. ದೂರ 3,84,400 ಕಿ.ಮೀ. ಎಂದು ಹಿಡಿದರೆ ವ್ಯಾಸ 3,495 ಕಿ.ಮೀ., ನಿಜ 3,474. ರಟ್ಟಿನ ಬದಲು ಕಿರುಬೆರಳನ್ನೋ 5 ಮಿ.ಮೀ. ಪಟ್ಟಿಯನ್ನೋ ಹಿಡಿದರೆ ಲೆಕ್ಕ ಕೆಡುತ್ತದೆ: ಕತ್ತಲಲ್ಲಿ ಕಣ್ಣಿನ ಪಾಪೆಯೇ 5 ಮಿ.ಮೀ. ಮೀರಿ ಅರಳಿರುತ್ತದೆ, ಪಟ್ಟಿಯ ಎರಡೂ ಬದಿಯಿಂದ ಬೆಳಕು ನುಸುಳುತ್ತದೆ. ಪೂರ್ತಿ ಕತ್ತಲಾಗುವ ಮುಂಚೆ, ಮುಸ್ಸಂಜೆಯಲ್ಲೇ ಅಳೆದರೆ ಚಂದ್ರನ ಪ್ರಖರತೆಯೂ ಕಾಡುವುದಿಲ್ಲ. ಚಂದ್ರ ಅತಿ ಹತ್ತಿರವಿದ್ದಾಗ ಇದೇ ರಟ್ಟು 2.09 ಮೀಟರಿಗೆ, ಅತಿ ದೂರವಿದ್ದಾಗ 2.33 ಮೀಟರಿಗೆ ಮುಚ್ಚುತ್ತದೆ. ಆ ದಿನದ ದೂರವನ್ನು ಸ್ಟೆಲೇರಿಯಂನಂಥ ಉಚಿತ ತಂತ್ರಾಂಶದಲ್ಲಿ ನೋಡಿಕೊಳ್ಳಿ.

ಕ್ಯಾಮೆರಾದಲ್ಲಿ ಗ್ರಹ

ದೂರದರ್ಶಕಕ್ಕೆ ಕ್ಯಾಮೆರಾ ಹಾಕಿದವರಿಗೆ ಅಳತೆಪಟ್ಟಿ ಪಿಕ್ಸೆಲ್. ಒಂದು ಪಿಕ್ಸೆಲಿಗೆ ಎಷ್ಟು ಆರ್ಕ್‌ಸೆಕೆಂಡ್ ಎಂದರೆ 206.265 × ಪಿಕ್ಸೆಲ್ ಗಾತ್ರ (ಮೈಕ್ರಾನ್) ÷ ನಾಭಿದೂರ (ಫೋಕಲ್ ಲೆಂತ್, ಮಿ.ಮೀ.). 3.76 ಮೈಕ್ರಾನ್ ಪಿಕ್ಸೆಲ್, 1000 ಮಿ.ಮೀ. ನಾಭಿದೂರಕ್ಕೆ 0.776. ಭೂಮಿಯಿಂದ 4.2 ಖಗೋಳಮಾನ (ಭೂಮಿ-ಸೂರ್ಯರ ಸರಾಸರಿ ದೂರ ಒಂದು ಖಗೋಳಮಾನ), ಅಂದರೆ 62.8 ಕೋಟಿ ಕಿ.ಮೀ. ದೂರದಲ್ಲಿರುವ ಗುರು ಚಿತ್ರದಲ್ಲಿ 60 ಪಿಕ್ಸೆಲ್ ಅಗಲ ಬಂದಿದ್ದರೆ ಕೋನ 46.5 ಆರ್ಕ್‌ಸೆಕೆಂಡ್, ವ್ಯಾಸ ಸುಮಾರು 1,41,600 ಕಿ.ಮೀ. ಸಮಭಾಜಕದಲ್ಲಿ ಅದರ ನಿಜ ವ್ಯಾಸ 1,42,984.

ಮೋಡಪಟ್ಟಿಗಳ ಉದ್ದಕ್ಕೇ ಅಳೆಯಿರಿ. ಗುರು ಧ್ರುವಗಳಲ್ಲಿ ಚಪ್ಪಟೆ, ಆ ದಿಕ್ಕಿನಲ್ಲಿ ವ್ಯಾಸ 1,33,708 ಕಿ.ಮೀ. ಮಾತ್ರ. ಎಕ್ಸ್‌ಪೋಶರ್ ಜಾಸ್ತಿಯಾದರೆ ಗ್ರಹ ಊದಿಕೊಂಡು ಬರುತ್ತದೆ. ಬಿಂಬವನ್ನು ಹಿಗ್ಗಿಸುವ ಬಾರ್ಲೋ ಲೆನ್ಸ್ ಹಾಕಿದ್ದರೆ ನಾಭಿದೂರವೇ ಬದಲಾಗಿರುತ್ತದೆ, ಅದರ ಮೇಲೆ ಬರೆದ 2× ನಿಖರವಲ್ಲ. 2×2 ಬಿನ್ನಿಂಗ್ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸುವುದು) ಹಾಕಿದ್ದರೆ ಪಿಕ್ಸೆಲ್ ಗಾತ್ರ ಇಮ್ಮಡಿ. ಹೀಗಾಗಿ ಕಾಗದದ ಮೇಲಿನ ನಾಭಿದೂರವನ್ನು ನಂಬುವ ಬದಲು, ಅಂತರ ಗೊತ್ತಿರುವ ಯುಗ್ಮ ನಕ್ಷತ್ರವೊಂದರ ಚಿತ್ರ ತೆಗೆದು ಅಳತೆಯನ್ನು ಸರಿಹೊಂದಿಸಿಕೊಳ್ಳುವುದು ಮೇಲು.

ಎಲ್ಲಿಗೆ ಯಾವ ಮಾನ

ಉತ್ತರ 0.1 ಮತ್ತು 1000ದ ನಡುವೆ ಉಳಿಯುವ ಮಾನವೇ ಸರಿಯಾದ ಮಾನ. ಸೌರಮಂಡಲದೊಳಗೆ ಖಗೋಳಮಾನ: 2012ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇದನ್ನು 14,95,97,870.7 ಕಿ.ಮೀ. ಎಂದು ಖಾಯಂಗೊಳಿಸಿತು. ನೆಪ್ಚೂನ್ 30 ಖಗೋಳಮಾನ, ಆರಾಮ. ಆದರೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ ಇದು 2.68 ಲಕ್ಷ, ಆಗ ಮಾನ ಬದಲಿಸಬೇಕು. ಜ್ಯೋತಿರ್ವರ್ಷ ಎಂದರೆ 365.25 ದಿನದಲ್ಲಿ ಬೆಳಕು ಕ್ರಮಿಸುವ ದೂರ, 9.46 ಲಕ್ಷ ಕೋಟಿ ಕಿ.ಮೀ. ಪಾರ್ಸೆಕ್ 3.26 ಜ್ಯೋತಿರ್ವರ್ಷ, ಅಥವಾ 206265 ಖಗೋಳಮಾನ.

ಸೂತ್ರದ ಸಂಖ್ಯೆಯೇ ಇಲ್ಲಿಯೂ ಬಂದದ್ದು ಕಾಕತಾಳೀಯವಲ್ಲ. ಒಂದು ಖಗೋಳಮಾನ ಉದ್ದ ಒಂದು ಆರ್ಕ್‌ಸೆಕೆಂಡಾಗಿ ಕಾಣುವ ದೂರವೇ ಪಾರ್ಸೆಕ್. ಹಾಗಾಗಿ ಆರ್ಕ್‌ಸೆಕೆಂಡ್ × ಪಾರ್ಸೆಕ್ = ಖಗೋಳಮಾನ, ಭಾಗಾಕಾರವೇ ಬೇಡ. 2019ರಲ್ಲಿ ಚಿತ್ರ ಹೊರಬಂದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಉಂಗುರ ಆರ್ಕ್‌ಸೆಕೆಂಡಿನ 42 ದಶಲಕ್ಷಾಂಶ, ದೂರ 1.68 ಕೋಟಿ ಪಾರ್ಸೆಕ್. ಗುಣಿಸಿದರೆ ಉಂಗುರದ ವ್ಯಾಸ ಸುಮಾರು 700 ಖಗೋಳಮಾನ. ವೃತ್ತಿಯ ಖಗೋಳಜ್ಞರು ಜ್ಯೋತಿರ್ವರ್ಷ ಬಿಟ್ಟು ಪಾರ್ಸೆಕ್ ಹಿಡಿದಿರುವುದು ಒಣ ಪ್ರತಿಷ್ಠೆಗಲ್ಲ.

ನೌಕೆಗಳ ವಿಷಯಕ್ಕೆ ಬೆಳಕಿನ ಸೆಕೆಂಡು, ನಿಮಿಷವೇ ಅನುಕೂಲ. ಚಂದ್ರ 1.28 ಸೆಕೆಂಡು, ಸೂರ್ಯ 499 ಸೆಕೆಂಡು, 15 ಲಕ್ಷ ಕಿ.ಮೀ. ದೂರದ ಆದಿತ್ಯ-ಎಲ್1 ಬರೀ 5 ಸೆಕೆಂಡು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಸಂಕೇತ ಒಂದು ದಿಕ್ಕಿಗೆ ಸುಮಾರು 12 ನಿಮಿಷ ತೆಗೆದುಕೊಳ್ಳುತ್ತಿತ್ತು. ಬೆಂಗಳೂರು ಬಳಿಯ ಬ್ಯಾಲಾಳಿನ ಇಸ್ರೋ ಆ್ಯಂಟೆನಾದಿಂದ ಹೋಗಿ ಬಂದ ಸಂಕೇತದ ಸಮಯದಿಂದ ದೂರ ತೆಗೆಯುವಾಗ 2ರಿಂದ ಭಾಗಿಸುವುದನ್ನು ಮರೆಯಬಾರದು. ಕಲಿಯುವವರು ಎಡವುವ ಮೊದಲ ಜಾಗ ಇದು.

ನಕ್ಷತ್ರದ ದೂರ

ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಹಿನ್ನೆಲೆಯಲ್ಲಿ ತುಸು ಅತ್ತಿತ್ತ ಸರಿದಂತೆ ಕಾಣುತ್ತದೆ. ಆರು ತಿಂಗಳ ಅಂತರದಲ್ಲಿ ಕಂಡ ಒಟ್ಟು ಸರಿತದ ಅರ್ಧವೇ ಪ್ಯಾರಲ್ಯಾಕ್ಸ್. 1 ÷ ಪ್ಯಾರಲ್ಯಾಕ್ಸ್ (ಆರ್ಕ್‌ಸೆಕೆಂಡ್) = ದೂರ (ಪಾರ್ಸೆಕ್). 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ 61 ಸಿಗ್ನಿ ನಕ್ಷತ್ರಕ್ಕೆ 0.314 ಎಂದು ಅಳೆದ, ಅಂದರೆ 10.4 ಜ್ಯೋತಿರ್ವರ್ಷ. ಇಂದಿನ ಅಳತೆ 0.286, ಅಂದರೆ 11.4.

ನಕ್ಷತ್ರಗಳ ಪ್ಯಾರಲ್ಯಾಕ್ಸ್ ಅಳೆದ ಯುರೋಪಿನ ಗಾಯಾ ಉಪಗ್ರಹದ ದತ್ತಾಂಶ ಬಳಸುವುದಾದರೆ ಅಲ್ಲಿ ಅಂಕಿಗಳು ಮಿಲಿ-ಆರ್ಕ್‌ಸೆಕೆಂಡಿನಲ್ಲಿವೆ, 1000ವನ್ನು ಆ ಅಂಕಿಯಿಂದ ಭಾಗಿಸಬೇಕು. ಪ್ರಾಕ್ಸಿಮಾ: 1000 ÷ 768 = 1.30 ಪಾರ್ಸೆಕ್. ಪಕ್ಕದ ಕಾಲಂನಲ್ಲಿರುವ ದೋಷದ ಅಂಕಿ ಪ್ಯಾರಲ್ಯಾಕ್ಸಿನ ಐದನೇ ಒಂದು ಭಾಗಕ್ಕಿಂತ ದೊಡ್ಡದಿದ್ದರೆ ಈ ಭಾಗಾಕಾರವನ್ನು ನಂಬಬೇಡಿ. 2 ± 1 ಎಂದರೆ ದೂರ 333ರಿಂದ 1000 ಪಾರ್ಸೆಕ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು, ಆ ಹರವು 500ರ ಎರಡೂ ಬದಿಗೆ ಸಮನಾಗಿಲ್ಲ. ಋಣ ಪ್ಯಾರಲ್ಯಾಕ್ಸ್ ಇರುವ ಸಾಲುಗಳೂ ಸಿಗುತ್ತವೆ. ಅದು ಅಳತೆಯ ಗದ್ದಲ, ಭಾಗಿಸಿ ಋಣ ದೂರ ಬರೆಯಬೇಡಿ.

ಲೆಕ್ಕ ಕೆಡುವ ಕಡೆಗಳು

ಕನ್ನಡದಲ್ಲಿ ಬರೆಯುವವರು ಹೆಚ್ಚು ಎಡವುವುದು ಸೊನ್ನೆಗಳಲ್ಲಿ. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ, ಟ್ರಿಲಿಯನ್ ಎಂದರೆ ಲಕ್ಷ ಕೋಟಿ. ವಿಶ್ವದ ವಯಸ್ಸು 13.8 ಬಿಲಿಯನ್ ವರ್ಷ ಎಂಬುದು 1380 ಕೋಟಿ, 138 ಕೋಟಿ ಅಲ್ಲ. ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ. ಚಿತ್ರಗಳಲ್ಲಿ ಅದು ಸುಮಾರು 3 ಡಿಗ್ರಿ ಉದ್ದ, 57.3ರಿಂದ ಭಾಗಿಸಿದರೆ 1.3 ಲಕ್ಷ ಜ್ಯೋತಿರ್ವರ್ಷ ಬರಬೇಕು. ನಿಮಗೆ 13 ಲಕ್ಷ ಬಂದರೆ ಸೊನ್ನೆ ಹುಡುಕಿ.

ಎತ್ತರ ಮತ್ತು ಕೇಂದ್ರದಿಂದ ದೂರ ಬೇರೆ ಬೇರೆ. ಭೂಸ್ಥಿರ ಕಕ್ಷೆಯ ಎತ್ತರ 35,786 ಕಿ.ಮೀ., ಭೂಮಿಯ ಕೇಂದ್ರದಿಂದ 42,164. ಸುದ್ದಿಯಲ್ಲಿ ಬರುವುದು ಮೊದಲನೆಯದು, ಕಕ್ಷೆಯ ಸೂತ್ರಕ್ಕೆ ಬೇಕಾದದ್ದು ಎರಡನೆಯದು. ಹಾಗೆಯೇ ಬೇರೆ ನಕ್ಷತ್ರಗಳ ಗ್ರಹಗಳನ್ನು ಭೂಮಿ ಅಥವಾ ಗುರುವಿನ ತ್ರಿಜ್ಯದಲ್ಲಿ ಹೇಳುತ್ತಾರೆ, ವ್ಯಾಸದಲ್ಲಲ್ಲ.

ಮಾನ ಬರೆಯದ ಅಂಕಿಯನ್ನು ಮುಂದಿನ ಹೆಜ್ಜೆಗೆ ಒಯ್ಯಬೇಡಿ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಹೀಗೆಯೇ. ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ಓದಿತು, ವ್ಯತ್ಯಾಸ 4.45 ಪಟ್ಟು.

ಬಹುದೂರದ ಗೆಲಾಕ್ಸಿಗಳಿಗೆ ಬಂದಾಗ "ಇಷ್ಟು ಜ್ಯೋತಿರ್ವರ್ಷ" ಎಂಬ ಮಾತೇ ಅರೆಬರೆ. ಬೆಳಕು 1380 ಕೋಟಿ ವರ್ಷಕ್ಕಿಂತ ಹೆಚ್ಚು ಕಾಲ ಪಯಣಿಸಿರಲು ಸಾಧ್ಯವಿಲ್ಲ, ಆದರೆ ಅಷ್ಟರಲ್ಲಿ ವಿಶ್ವ ಹಿಗ್ಗಿದ್ದರಿಂದ ಕಾಣುವ ವಿಶ್ವದ ಅಂಚು ಈಗ ಸುಮಾರು 4650 ಕೋಟಿ ಜ್ಯೋತಿರ್ವರ್ಷ ದೂರವಿದೆ. ಅಲ್ಲಿ ರೆಡ್‌ಶಿಫ್ಟ್ ಅಂಕಿಯನ್ನೇ, ಅಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗ ಎಷ್ಟು ಹಿಗ್ಗಿದೆ ಎಂಬ ಅಳತೆಯನ್ನೇ ಬರೆಯಿರಿ. ಗಾತ್ರ ಬೇಕಾದರೆ ಕಾಸ್ಮಾಲಜಿ ಕ್ಯಾಲ್ಕುಲೇಟರಿಗೆ ಆ ಅಂಕಿ ಕೊಟ್ಟು, ಅದು ತೋರಿಸುವ ಹಲವು ದೂರಗಳಲ್ಲಿ ಕೋನವ್ಯಾಸ ದೂರವನ್ನು (angular diameter distance) ಮಾತ್ರ ಮೇಲಿನ ಸೂತ್ರದಲ್ಲಿ ಹಾಕಿ. ರೆಡ್‌ಶಿಫ್ಟ್ 1ರಲ್ಲಿ ಒಂದು ಆರ್ಕ್‌ಸೆಕೆಂಡಿಗೆ ಸುಮಾರು 8000 ಪಾರ್ಸೆಕ್ ಸಿಗುತ್ತದೆ. 1.6ರ ಆಸುಪಾಸಿನಲ್ಲಿ ಅದು ಗರಿಷ್ಠ ಮುಟ್ಟಿ ಮತ್ತೆ ಇಳಿಯುತ್ತದೆ, 6ರಲ್ಲಿ 6000ಕ್ಕೂ ಕಡಿಮೆ. ಆ ಗರಿಷ್ಠದಿಂದಾಚೆಗೆ ಒಂದೇ ಗಾತ್ರದ ಗೆಲಾಕ್ಸಿ ದೂರ ಹೋದಷ್ಟೂ ದೊಡ್ಡದಾಗಿ, ಆದರೆ ತೀರಾ ಮಸುಕಾಗಿ ಕಾಣುತ್ತದೆ.