ಮಿಕ್ಸಿ ಬೆಣ್ಣೆಗೆ ಘಮಲಿಲ್ಲ ಅನ್ನೋರಿಗೆ

ಮೈಸೂರಿನಲ್ಲಿ ಪ್ಯಾಕೆಟ್ ಹಾಲು ತಗೊಂಡು ಮನೆಯಲ್ಲೇ ಬೆಣ್ಣೆ ತೆಗೆಯೋದಾದರೆ ಲೆಕ್ಕ ಶುರುವಾಗೋದು ಪ್ಯಾಕೆಟ್ಟಿನ ಬಣ್ಣದಿಂದ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಕೊಬ್ಬು ಶೇ. 3. ಕಿತ್ತಳೆ ಬಣ್ಣದ ಶುಭಂನಲ್ಲಿ ಶೇ. 4.5, ಸಮೃದ್ಧಿಯಲ್ಲಿ ಶೇ. 6. ಹಸಿರು ಪ್ಯಾಕೆಟ್ಟಿನ ಹಸುವಿನ ಹಾಲು ಹೋಮೊಜಿನೈಸ್ ಮಾಡಿದ್ದು. ಕುಡಿಯೋಕೆ ಚೆನ್ನಾಗಿರುತ್ತೆ, ಬೆಣ್ಣೆಗೆ ಮಾತ್ರ ಬೇಡ. ಕೊಬ್ಬಿನ ಕಣಗಳನ್ನ ಯಂತ್ರದ ಒತ್ತಡದಲ್ಲಿ ಒಡೆದು ಸಣ್ಣ ಮಾಡಿರ್ತಾರೆ, ಅವು ಮೇಲಕ್ಕೆ ತೇಲಿ ಬರೋದೇ ಇಲ್ಲ. ಎಷ್ಟು ಕಾಯಿಸಿದರೂ ಸಿಗೋದು ತೆಳ್ಳನೆಯ ಪೊರೆ ಅಷ್ಟೇ.

ನಮ್ಮನೆಗೆ ಬರೋದು ಶುಭಂ. ಲೀಟರಿಗೆ 45 ಗ್ರಾಂನಷ್ಟು ಕೊಬ್ಬು, ಅದರಲ್ಲಿ ಒಂದು ಪಾಲು ಕಾಫಿ ಜೊತೆ ಹೊಟ್ಟೆಗೇ ಹೋಗುತ್ತೆ, ಉಳಿದದ್ದು ಕೆನೆ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, ತೂತಿನ ತಟ್ಟೆ ಮುಚ್ಚಿ ಆರಿಸಿ, ಪಾತ್ರೆ ಅಲುಗಾಡಿಸದೆ ಫ್ರಿಜ್ಜಿಗೆ ಇಡ್ತೀನಿ. ಬೆಳಿಗ್ಗೆ ಕೆನೆ ದಪ್ಪಗೆ ಕಟ್ಟಿರುತ್ತೆ, ಚಮಚದಲ್ಲಿ ಅಂಚಿನಿಂದ ಬಿಡಿಸಿದರೆ ಇಡಿಯಾಗಿ ಬರುತ್ತೆ. ಅದು ಸ್ಟೀಲ್ ಡಬ್ಬಿಗೆ, ಡಬ್ಬಿ ಫ್ರೀಜರಿಗೆ. ಫ್ರೀಜರ್ ಬಿಟ್ಟು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟರೆ ಆಗಲ್ವಾ ಅಂತ ಕೇಳ್ತಾರೆ. ಆಗುತ್ತೆ, ನಾಲ್ಕೈದು ದಿನ. ಆಮೇಲೆ ಕೆನೆ ಕಹಿಯಾಗುತ್ತೆ, ಕಮಟು ವಾಸನೆ ಹಿಡಿಯುತ್ತೆ. ಫ್ರಿಜ್ಜಿನ ತಂಪಲ್ಲೂ ಬೆಳೆಯೋ ಬ್ಯಾಕ್ಟೀರಿಯಾಗಳಿವೆ, ಇದು ಅವುಗಳ ಕೆಲಸ. ಒಂದು ಸಲ ಕಹಿ ಹತ್ತಿದ ಕೆನೆಯಿಂದ ತೆಗೆದ ಬೆಣ್ಣೆಯನ್ನ ಎಷ್ಟು ತೊಳೆದರೂ ಕಹಿ ಪೂರ್ತಿ ಬಿಡಲ್ಲ.

ನಮ್ಮತ್ತೆ ಮದ್ದೂರು ಕಡೆಯವರು. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿ, ಕಂಬಕ್ಕೆ ಹಗ್ಗ ಬಿಗಿದು ಕಡಗೋಲು ಎಳೆದವರು. ನಾನು ಮಿಕ್ಸಿಯಲ್ಲಿ ತೆಗೆದ ಬೆಣ್ಣೆ ಮೂಸಿ ನೋಡಿ, “ಬೆಣ್ಣೆ ಏನೋ ಬೆಣ್ಣೆನೇ ಕಣವ್ವ, ಘಮಲಿಲ್ಲ” ಅಂದರು. ತಪ್ಪು ಮಿಕ್ಸಿಯದ್ದು ಅಂತ ಅವರ ತೀರ್ಮಾನ. ನನಗೆ ಹಾಗನ್ನಿಸಲಿಲ್ಲ. ಅವರು ಕಡೀತಿದ್ದದ್ದು ಹೆಪ್ಪು ಹಾಕಿದ ಮೊಸರನ್ನ, ನಾನು ತಿರುಗಿಸ್ತಿದ್ದದ್ದು ಹಸಿ ಕೆನೆಯನ್ನ. ಹೆಪ್ಪಿನಲ್ಲಿರೋ ಬ್ಯಾಕ್ಟೀರಿಯಾಗಳು ಹಾಲನ್ನ ಹುಳಿ ಮಾಡ್ತಾವೆ, ಅವುಗಳಲ್ಲಿ ಕೆಲವು ಡಯಾಸಿಟೈಲ್ ಅನ್ನೋ ಪದಾರ್ಥವನ್ನೂ ಹುಟ್ಟಿಸ್ತಾವೆ. ನಾವು ಬೆಣ್ಣೆ ಘಮಲು ಅನ್ನೋದರಲ್ಲಿ ದೊಡ್ಡ ಪಾಲು ಅದರದ್ದೇ. ಕಡಗೋಲಿಗೂ ಘಮಲಿಗೂ ಸಂಬಂಧ ಇಲ್ಲ.

ಹಾಗಾಗಿ ಈಗ ಡಬ್ಬಿ ತುಂಬಿದ ಮೇಲೆ ಸಂಜೆ ಹೊರಗೆ ತೆಗೆದು ಕರಗೋಕೆ ಬಿಡ್ತೀನಿ. ಉಗುರುಬೆಚ್ಚಗೆ ಮಾಡಿ, ಒಳ್ಳೆ ಮೊಸರು ಎರಡು ಚಮಚ ಕಲಸಿ, ರಾತ್ರಿಯೆಲ್ಲ ಹೊರಗೇ ಇಡ್ತೀನಿ. ಡಿಸೆಂಬರ್ ಚಳಿಯಲ್ಲಿ ಆದರೆ ಡಬ್ಬಿಯನ್ನ ಬಟ್ಟೆಯಲ್ಲಿ ಸುತ್ತಬೇಕು. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿಯಾಗಿ ಹೆಪ್ಪಾಗಿರುತ್ತೆ, ಹಿತವಾದ ಹುಳಿ ವಾಸನೆ ಬರುತ್ತೆ. ತಕ್ಷಣ ಮಿಕ್ಸಿಗೆ ಹಾಕೋ ಹಾಗಿಲ್ಲ. ಎರಡು ಮೂರು ಗಂಟೆ ಮತ್ತೆ ಫ್ರಿಜ್ಜಿನಲ್ಲಿ ತಂಪಾಗಬೇಕು.

ಬೆಣ್ಣೆ ಬರೋದು ಬಿಡೋದು ಈ ತಂಪಿನ ಮೇಲೆ ನಿಂತಿದೆ. ಕೆನೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಕೊಬ್ಬು ಅರ್ಧ ಗಟ್ಟಿ, ಅರ್ಧ ಮೆತ್ತಗೆ ಇರುತ್ತೆ. ಕಣಕ್ಕೆ ಕಣ ಡಿಕ್ಕಿ ಹೊಡೆದಾಗ ಮೇಲಿನ ಪೊರೆ ಹರಿದು ಒಂದಕ್ಕೊಂದು ಅಂಟಿಕೊಳ್ಳೋದು ಆಗಲೇ. ಇನ್ನೂ ತಣ್ಣಗಿದ್ದರೆ ಅಂಟಲ್ಲ, ಗಂಟೆಗಟ್ಟಲೆ ತಿರುಗಿಸ್ತಾನೇ ಇರಬೇಕು. ಬೆಚ್ಚಗಿದ್ದರೆ ಬೆಣ್ಣೆ ಜಿಡ್ಡು ಜಿಡ್ಡಾಗಿ ಅರ್ಧ ಮಜ್ಜಿಗೆಯಲ್ಲೇ ಉಳಿದುಬಿಡುತ್ತೆ. ಹಳ್ಳಿಯಲ್ಲಿ ಕೋಳಿ ಕೂಗೋ ಹೊತ್ತಿಗೆ ಮೊಸರು ಕಡೀತಿದ್ದದ್ದು, ಅದೂ ನೀರು ಜಿನುಗಿ ತಂಪಾಗಿರೋ ಮಣ್ಣಿನ ಮಡಕೆಯಲ್ಲಿ, ಸುಮ್ಮನೆ ಅಲ್ಲ. ಥರ್ಮಾಮೀಟರ್ ನಮ್ಮನೆಯಲ್ಲೂ ಇಲ್ಲ. ಬೆರಳಿಟ್ಟರೆ ತಣ್ಣಗೆ ಅನ್ನಿಸಬೇಕು, ಕೊರೆಯಬಾರದು, ಅಷ್ಟೇ ಅಳತೆ.

ಮಿಕ್ಸಿಯಲ್ಲಿ ದೊಡ್ಡ ಜಾರು ತಗೊಂಡು ಅರ್ಧ ಮಾತ್ರ ತುಂಬಿಸ್ತೀನಿ. ಒಂದೇ ಸಮ ಓಡಿಸೋದಿಲ್ಲ. ಗುಂಡಿಯನ್ನ ಹಿಂದಕ್ಕೆ ತಿರುಗಿಸಿ ಹಿಡಿದು ಬಿಡೋ ವಿಪ್ ಇದೆಯಲ್ಲ, ಅದರಲ್ಲೇ ಬಿಟ್ಟು ಬಿಟ್ಟು. ಬ್ಲೇಡಿನ ಉಜ್ಜಾಟಕ್ಕೆ ಜಾರಿನ ತಳ ಬೇಗ ಬಿಸಿಯಾಗುತ್ತೆ, ಮಾಡಿದ ತಂಪೆಲ್ಲ ಹಾಳಾಗೋದು ಅಲ್ಲೇ. ಮೊದಲು ಕೆನೆ ಉಬ್ಬಿ ಗೋಡೆಗೆ ಮೆತ್ತಿಕೊಳ್ಳುತ್ತೆ, ಬ್ಲೇಡು ಖಾಲಿ ತಿರುಗಿ ಸದ್ದು ಕೀಚಲಾಗುತ್ತೆ. ಹೊಸಬರು ಕೈಬಿಡೋದು ಇಲ್ಲೇ. ಚಮಚದಲ್ಲಿ ಕೆರೆದು ಕೆಳಗಿಳಿಸಿ ಒಂದು ಲೋಟ ತಣ್ಣೀರು ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಐಸ್ ನೀರು, ಚಳಿಗಾಲದಲ್ಲಿ ನಲ್ಲಿ ನೀರೇ ಸಾಕು. ಇನ್ನೊಂದಷ್ಟು ಸಲ ತಿರುಗಿಸಿದರೆ ಸದ್ದು ಇದ್ದಕ್ಕಿದ್ದಂತೆ ಬದಲಾಗುತ್ತೆ. ಗುರ್ ಅಂತಿದ್ದದ್ದು ಚಳ್ ಚಳ್ ಅನ್ನೋಕೆ ಶುರುವಾಗುತ್ತೆ. ಮುಚ್ಚಳ ತೆಗೆದು ನೋಡಿದರೆ ನೀರಾದ ಮಜ್ಜಿಗೆ ಮೇಲೆ ರವೆಯ ಹಾಗೆ ತಿಳಿಹಳದಿ ಕಾಳು ತೇಲ್ತಿರುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಸ್ವಲ್ಪ ದಪ್ಪ ಉಂಡೆ ಬರಲಿ ಅಂತ ಓಡಿಸಿದರೆ ಕಾಳಿನೊಳಗೆ ಮಜ್ಜಿಗೆ ಸಿಕ್ಕಿಕೊಂಡು ಬೆಣ್ಣೆ ಲೊಳಲೊಳ ಆಗುತ್ತೆ.

ಕೈಯನ್ನ ತಣ್ಣೀರಲ್ಲಿ ಅದ್ದಿಕೊಂಡರೆ ಬೆಣ್ಣೆ ಅಂಟಲ್ಲ. ಕಾಳುಗಳನ್ನ ಬಾಚಿ ಉಂಡೆ ಕಟ್ಟಿ, ಅಗಲವಾದ ಬೇಸಿನ್‌ನಲ್ಲಿ ತಣ್ಣೀರು ಹಾಕಿ ಮೆಲ್ಲಗೆ ಮಡಚಿ ಒತ್ತಬೇಕು. ಹಾಲಿನ ಬಣ್ಣದ ನೀರು ಬರುತ್ತೆ, ಚೆಲ್ಲಿ ಮತ್ತೆ ತಣ್ಣೀರು. ನೀರು ತಿಳಿಯಾಗೋವರೆಗೂ ಬಿಡಬಾರದು. ಒಳಗೆ ಉಳಿದ ಮಜ್ಜಿಗೆಯೇ ಬೆಣ್ಣೆಯನ್ನ ಬೇಗ ಕೆಡಿಸೋದು. ತೊಳೆದ ಉಂಡೆಯನ್ನ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು ದಿನಾ ನೀರು ಬದಲಾಯಿಸ್ತೀನಿ. ಉಪ್ಪು ಹಾಕಲ್ಲ. ಅಕ್ಕಿ ರೊಟ್ಟಿ ಮೇಲೆ ಉಪ್ಪಿಲ್ಲದ ಬೆಣ್ಣೆಯೇ ಸರಿ.

ಹೆಪ್ಪು ಹಾಕಿ ತೆಗೆದ ಮೇಲೆ ಅತ್ತೆ ಮತ್ತೆ ಮೂಸಿದರು. ಘಮಲಿನ ವಿಷಯ ಎತ್ತಲಿಲ್ಲ, “ಬಣ್ಣ ಹಳದಿ ಆಗೈತಲ್ಲ” ಅಂದರು. ಅದು ಹಸುವಿನ ಹಾಲಿಗೆ ಹಳದಿ ಬಣ್ಣ ಕೊಡೋ ಕ್ಯಾರೋಟಿನ್. ಎಮ್ಮೆ ಅದನ್ನ ಮೈಯಲ್ಲೇ ವಿಟಮಿನ್ ಎ ಮಾಡಿಕೊಂಡುಬಿಡುತ್ತೆ, ಅದಕ್ಕೇ ಎಮ್ಮೆ ಬೆಣ್ಣೆ ಬೆಳ್ಳಗೆ. ಇದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಮಜ್ಜಿಗೆ ಅವತ್ತೇ ಮಜ್ಜಿಗೆ ಹುಳಿಗೆ. ಬೆಣ್ಣೆ ಜಾಸ್ತಿ ಸೇರಿದರೆ ತುಪ್ಪ. ಸಣ್ಣ ಉರಿಯಲ್ಲಿ ನೊರೆ ಇಳಿದು, ಚಟಪಟ ನಿಂತು, ತಳದ ಗಸಿ ಕೆಂಪಗಾಗೋ ಹೊತ್ತಿಗೆ ಒಂದು ಹಿಡಿ ನುಗ್ಗೆಸೊಪ್ಪು. ಕಾಯಿಸಿದ ಹಾಲಿನ ಕೆನೆಯಲ್ಲಿ ಪೊರೆಯೂ ಸೇರಿರೋದರಿಂದ ಗಸಿ ಜಾಸ್ತಿ ಬರುತ್ತೆ, ಗಾಬರಿ ಬೇಡ. ಆ ಸೊಪ್ಪು, ಗಸಿ, ಚಿಟಿಕೆ ಉಪ್ಪು ಬಿಸಿ ಅನ್ನಕ್ಕೆ ಕಲಸಿಕೊಳ್ಳೋಕೆ ನಮ್ಮನೇಲಿ ಪೈಪೋಟಿ.

ಆಮೇಲೆ ಜಾರು ತೊಳೆಯೋದು. ಬಿಸಿನೀರು, ಒಂದು ಚಮಚ ಕಡಲೆಹಿಟ್ಟು ಹಾಕಿ ಒಂದು ಸುತ್ತು ತಿರುಗಿಸಿದರೆ ಜಿಡ್ಡು ಬಿಡುತ್ತೆ. ಮುಚ್ಚಳದ ರಬ್ಬರ್ ರಿಂಗನ್ನ ಬಿಚ್ಚಿ ಬೇರೆ ತೊಳೀಬೇಕು. ಆದರೆ ಮಸಾಲೆ ರುಬ್ಬೋ ಜಾರನ್ನ ಬೆಣ್ಣೆಗೆ ತಗೊಳ್ಳಲೇಬೇಡಿ, ಕೊಬ್ಬು ವಾಸನೆಯನ್ನ ಬಲು ಬೇಗ ಹೀರಿಕೊಳ್ಳುತ್ತೆ. ಚಟ್ನಿಗೆ ಬೆಣ್ಣೆ ವಾಸನೆ ಬಂದರೆ ಮನೇಲಿ ಯಾರೂ ಬೈಯಲ್ಲ. ಬೆಣ್ಣೆಗೆ ಬೆಳ್ಳುಳ್ಳಿ ವಾಸನೆ ಹತ್ತಿದರೆ ಆ ಬೆಣ್ಣೆ ರೊಟ್ಟಿಗೆ ಬಿಟ್ಟು ಇನ್ಯಾತಕ್ಕೂ ಬರಲ್ಲ.