ಇಟ್ಟಿಗೆ ಎಣಿಸಿ ನಿಲ್ಲಿಸಿದ ಕಂಟ್ರೋಲ್ ಟವರ್

ಕಳೆದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಹೊಲದ ಅಂಚಿನಲ್ಲಿ ನಾನು ಕಂಪ್ಯೂಟರ್‌ನಲ್ಲಿ ಕಟ್ಟಿದ ಚಿತ್ರದ ಫಲಕ ನೆಟ್ಟರು. ಅಗಲ ಒಂದೂವರೆ ಮೀಟರ್ ಇರಬೇಕು. ಅದರ ಮುಂದೆ ಗುರುತು ಹಾಕಿದ ಜಾಗದಲ್ಲಿ ನಿಂತು ನೋಡಿದರೆ ದೂರದಲ್ಲಿ ಹಳೆ ವಿಮಾನ ನೆಲೆಯ ಪಾಳುಬಿದ್ದ ಕಂಟ್ರೋಲ್ ಟವರ್, ಫಲಕದಲ್ಲಿ ಅದೇ ಟವರ್ 1944ರಲ್ಲಿ ಇದ್ದ ಹಾಗೆ. ಮೂಲೆಗೆ ಮೂಲೆ ಕೂಡುತ್ತದೆ. ಮೂರು ಚಳಿಗಾಲ ಹಿಡಿಯಿತು. ಕಟ್ಟಡ ಅಳೆಯುವ ಲೇಸರ್ ಸ್ಕ್ಯಾನರ್ ಬಾಡಿಗೆಗೆ ತರದೆ ಇದು ಆಗುವುದೇ ಇಲ್ಲ ಅಂತ ಹೇಳಿದವರು ಕಮ್ಮಿ ಅಲ್ಲ. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೊಲ ಯಾವುದು ಅಂತ ಹೇಳುವುದಿಲ್ಲ, ರೈತನಿಗೆ ಮಾತು ಕೊಟ್ಟಿದ್ದೇನೆ. ಹೆಸರು ಹೊರಬಿದ್ದರೆ ರಾತ್ರಿ ಜನ ನುಗ್ಗುತ್ತಾರೆ, ಉಳಿದ ಕಬ್ಬಿಣವೂ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಬಾಂಬರ್‌ಗಳಿದ್ದ ವಿಮಾನ ನೆಲೆ ಅಂತ ತಿಳಿದರೆ ಸಾಕು. ಟವರ್ 343/43 ಸಂಖ್ಯೆಯ ನಕ್ಷೆಯದು, ಅಂದರೆ ಎರಡು ಮಹಡಿ, ಮುಂದೆ ಬಾಲ್ಕನಿ, ಚಿಕ್ಕ ಕಿಟಕಿ. ಈ ಕಡೆ ಸುತ್ತಿದವರಿಗೆಲ್ಲ ಗೊತ್ತಿರುವ ಮುಖ.

ನನಗೆ ಈ ಹುಚ್ಚು ಹತ್ತಿದ್ದು ತಾತನಿಂದ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಅವರು ಫಿಟ್ಟರ್ ಆಗಿದ್ದರು. 1943ರಲ್ಲಿ ಆ ಕಾರ್ಖಾನೆ ಅಮೆರಿಕನ್ ವಾಯುಪಡೆಯ ಕೈಗೆ ಹೋಗಿ ವಿಮಾನ ರಿಪೇರಿಯ ಡಿಪೋ ಆಗಿತ್ತು. ತಾತನ ಒಂದು ಸ್ಪ್ಯಾನರ್ ಇವತ್ತಿಗೂ ನಮ್ಮ ಮನೆಯಲ್ಲಿದೆ. ಕೆಲಸದ ಮೇಲೆ ನಾರಿಚ್‌ಗೆ ಬಂದಾಗ ಸುತ್ತಮುತ್ತ ಅದೇ ಕಾಲದ ವಿಮಾನ ನೆಲೆಗಳು ಸಾಲಾಗಿ ಸಿಕ್ಕವು. ಹೆಚ್ಚಿನವುಗಳ ಕಾಂಕ್ರೀಟ್ ಕಿತ್ತು ರಸ್ತೆಗೆ ಹಾಕಿಬಿಟ್ಟಿದ್ದಾರೆ. ಆಟಲ್‌ಬ್ರಿಡ್ಜ್‌ನಲ್ಲಿ ರನ್‌ವೇ ಮೇಲೆ ಟರ್ಕಿ ಕೋಳಿಗಳ ಶೆಡ್ ಎದ್ದಿವೆ. ಟಿಬೆನ್‌ಹ್ಯಾಮ್‌ನ ಟವರ್ 1970ರ ದಶಕದ ಕೊನೆಗೇ ನೆಲಸಮ ಆಯಿತು. ನಮ್ಮ ಟವರ್‌ಗೂ ಜಾಸ್ತಿ ದಿನ ಇಲ್ಲ. ಚಾವಣಿಯ ಒಂದು ಮೂಲೆ ಈಗಾಗಲೇ ಕುಸಿದಿದೆ.

ಮೊದಲ ವರ್ಷ ಪೂರಾ ಹಾಳು. ಜುಲೈನಲ್ಲಿ ಹೋದೆ, ಬಿಸಿಲು ಚೆನ್ನಾಗಿತ್ತು, ಖುಷಿಯಲ್ಲಿ ಐನೂರು ಫೋಟೋ ಹೊಡೆದೆ. ಮನೆಗೆ ಬಂದು, ಫೋಟೋಗಳನ್ನು ಜೋಡಿಸಿ 3ಡಿ ಮಾದರಿ ಕಟ್ಟುವ ಮೆಟಾಶೇಪ್ ಸಾಫ್ಟ್‌ವೇರ್‌ಗೆ ಹಾಕಿದರೆ ಅರ್ಧಕ್ಕರ್ಧ ಫೋಟೋ ಜೋಡಣೆಯೇ ಆಗಲಿಲ್ಲ. ತುರುಚೆ ಗಿಡ ಎದೆ ಮಟ್ಟ ಬೆಳೆದಿತ್ತು. ಗಾಳಿಗೆ ಎಲೆ ಅಲುಗಾಡಿದರೆ ಸಾಫ್ಟ್‌ವೇರ್ ಪಾಪ ಏನನ್ನು ಹಿಡಿಯುತ್ತದೆ? ಬಾಲ್ಕನಿ ಕೆಳಗಿನ ನೆರಳು ಮಸಿ ಕಪ್ಪು, ಅದರೊಳಗೆ ಏನೂ ಕಾಣುವುದಿಲ್ಲ. ಆಮೇಲೆ ಡ್ರೋನ್ ತಂದೆ, 250 ಗ್ರಾಂ ಒಳಗಿನದು, ಹತ್ತಿರ ಹತ್ತಿರ 300 ಪೌಂಡ್. ಮೂರನೇ ಹಾರಾಟದಲ್ಲೇ ಎಲ್ಡರ್ ಮರಕ್ಕೆ ಸಿಕ್ಕಿ ಬಿತ್ತು. ಹೊಸದು ಕೊಳ್ಳಲಿಲ್ಲ. ಮುಂದಿನ ಕೆಲಸವೆಲ್ಲ ಕಂಬದ ಮೇಲೆ ಕ್ಯಾಮೆರಾ ಇಟ್ಟೇ ಮಾಡಿದ್ದು.

ಎರಡನೇ ವರ್ಷ ಫೆಬ್ರವರಿಗೆ ಕಾದೆ. ತುರುಚೆ ಸತ್ತು, ಎಲ್ಡರ್ ಬೋಳಾಗಿ, ಆಕಾಶ ಬೂದಿ ಬಣ್ಣಕ್ಕೆ ಮುಚ್ಚಿಕೊಂಡಿತ್ತು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ಐವಿ ಬಳ್ಳಿ ಮಾತ್ರ ಚಳಿಗಾಲದಲ್ಲೂ ಹಸಿರು. ಅದನ್ನು ಕೀಳುವ ಆಸೆ ಬೇಡ. ಗೂಡು ಕಟ್ಟುವ ಕಾಲ ಶುರುವಾದರೆ ಕಾನೂನೇ ಅಡ್ಡ ಬರುತ್ತದೆ, ಮೇಲಾಗಿ ಎಷ್ಟೋ ಗೋಡೆ ಆ ಬಳ್ಳಿಯ ಬಲದಿಂದಲೇ ನಿಂತಿರುತ್ತದೆ. ಒಂದು ಸಲ ಮೇಲಿನ ಕೋಣೆಯಲ್ಲಿ ಕಣಜ ಗೂಬೆ ಮರಿ ಮಾಡಿತ್ತು. ಮೆಟ್ಟಿಲು ಹತ್ತದೆ ವಾಪಸ್ ಬಂದೆ, ನಾಲ್ಕು ತಿಂಗಳು ಆ ಕಡೆ ಹೋಗಲಿಲ್ಲ. ಅದಕ್ಕೆ ಬೇಸರ ಇಲ್ಲ.

35 ಎಂಎಂ ಲೆನ್ಸ್, ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ಬಾಡಿ, ಪ್ರತಿ ಫೋಟೋದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವ ಹಾಗೆ, ಒಟ್ಟು ಆರುನೂರ ಚಿಲ್ಲರೆ. ಈ ಸಲ ಮಾದರಿ ಕೂತಿತು. ಆದರೆ ಅಳತೆ ತಪ್ಪು. ಮಾದರಿಗೆ ನಿಜ ಅಳತೆ ಕೊಡಲು ನಾನು ಇಟ್ಟಿದ್ದ ಅಳತೆ ಪಟ್ಟಿ ಒದ್ದೆ ಮಣ್ಣಲ್ಲಿ ಸ್ವಲ್ಪ ಜಾರಿತ್ತು, ನೋಡಿರಲಿಲ್ಲ. ಎರಡು ವಾರ ಕೂತು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಕಿಟಕಿ ಮಾಡಿದೆ. ಒಂದೂ ತೂತಿಗೆ ಸರಿಯಾಗಿ ಕೂರಲಿಲ್ಲ.

ಪರಿಹಾರ ಗೋಡೆಯಲ್ಲೇ ಇತ್ತು. ಈ ಕಟ್ಟಡಗಳಿಗೆ ಹೊರಗೆ ಸಿಮೆಂಟ್ ಗಾರೆ ಬಳಿದಿರುತ್ತಾರೆ. ಬಾಗಿಲ ಪಕ್ಕ ಒಂದು ಕಡೆ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ಮಂಡಿಯೂರಿ ಕೂತು ಟೇಪ್ ಹಿಡಿದೆ. ಸಂದಿನ ಗಾರೆ ಸೇರಿ ಒಂದು ಇಟ್ಟಿಗೆ ಉದ್ದ 9 ಇಂಚು. ನಾಲ್ಕು ವರಸೆಗೆ, ಅಂದರೆ ನಾಲ್ಕು ಸಾಲು ಇಟ್ಟಿಗೆಗೆ, ಎತ್ತರ ಸರಿಯಾಗಿ ಒಂದು ಅಡಿ. ಇಂಗ್ಲೆಂಡಿನ ಹಳೆ ಅಡಿ ಇಂಚಿನ ಇಟ್ಟಿಗೆಯ ಲೆಕ್ಕವೇ ಅದು. ಅಲ್ಲಿಂದ ಮೇಲಕ್ಕೆ ಎಣಿಸುತ್ತಾ ಹೋದೆ. ಕಿಟಕಿ ತೂತಿನ ಎತ್ತರ 16 ವರಸೆ, ಅಂದರೆ 4 ಅಡಿ. ನನ್ನ ಮಾದರಿಯಲ್ಲಿ ಅದು ಸುಮಾರು 3 ಅಡಿ 8 ಇಂಚು ತೋರಿಸುತ್ತಿತ್ತು. ಅವತ್ತಿನಿಂದ ಅಳತೆ ಪಟ್ಟಿ ಪಕ್ಕಕ್ಕಿಟ್ಟೆ. ಪ್ರತಿ ಗೋಡೆಯಲ್ಲೂ ಗಾರೆ ಉದುರಿದ ಒಂದು ಜಾಗ ಹುಡುಕುತ್ತೇನೆ, ಇಟ್ಟಿಗೆ ಎಣಿಸುತ್ತೇನೆ, ಮಾದರಿಯನ್ನು ಅದಕ್ಕೆ ಹೊಂದಿಸುತ್ತೇನೆ. ಬಾಡಿಗೆ ಸ್ಕ್ಯಾನರ್‌ನ ಒಂದು ದಿನದ ದುಡ್ಡು ಪೂರ್ತಿ ಉಳಿಯಿತು. ಮೂಲ ನಕ್ಷೆಗಳು ಬೇಕಾದವರಿಗೆ ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ ಸಂಗ್ರಹವಿದೆ. ಆದರೆ ನಕ್ಷೆಯಲ್ಲಿ ಇದ್ದ ಹಾಗೆಯೇ ಮೇಸ್ತ್ರಿ ಕಟ್ಟಿರುತ್ತಾನೆ ಅಂತ ನಂಬಬೇಡಿ. ಯುದ್ಧದ ಅವಸರ, ಅಲ್ವಾ?

ನಮ್ಮ ಮಂಗಳೂರಿನ ಗೆಳೆಯನೊಬ್ಬ ಕೇಂಬ್ರಿಡ್ಜ್‌ನಲ್ಲಿದ್ದಾನೆ. ನನ್ನ ಒದ್ದಾಟ ನೋಡಿ, "ಎಂತ ಮಾರಾಯ, ಎಐಗೆ ಕೊಟ್ಟರೆ ಹತ್ತು ಸೆಕೆಂಡಲ್ಲಿ ಕಟ್ಟಿ ಕೊಡ್ತದಲ್ಲ" ಅಂದ. ಕೊಟ್ಟು ನೋಡಿದೆ. ಚಿತ್ರ ಚೆಂದ ಬಂತು. ಆದರೆ ಕಿಟಕಿಯಲ್ಲಿ ಎರಡು ಅಡ್ಡಪಟ್ಟಿ ಇರುವ ಕಡೆ ಮೂರು ಹಾಕಿತ್ತು. ಇಲ್ಲದ ಚಿಮಣಿ ಬಂತು. ಬಾಲ್ಕನಿಯ ಪೈಪಿನ ಕಂಬಿ ಹೋಗಿ ಮನೆ ಮಹಡಿಯ ಕಟಾಂಜನ ಕೂತಿತು. ಆ ಬಾಲ್ಕನಿಯಲ್ಲಿ ನಿಂತು ವಿಮಾನ ಎಷ್ಟು ವಾಪಸ್ ಬಂದವು ಅಂತ ಎಣಿಸಿದವರಿದ್ದಾರೆ. ಆ ಕಂಬಿಯನ್ನು ಸುಮ್ನೆ ಊಹೆ ಮಾಡಿ ಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ನಾರ್ಫೋಕ್‌ನದೇ ಥಾರ್ಪ್ ಆಬಟ್ಸ್‌ನಲ್ಲಿ 100ನೇ ಬಾಂಬ್ ಗ್ರೂಪ್ ಎಂಬ ಅಮೆರಿಕನ್ ಬಾಂಬರ್ ದಳದ ಟವರನ್ನು ಸ್ವಯಂಸೇವಕರು 1977ರಿಂದ ಕೈಯಾರೆ ಸರಿಮಾಡಿ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಕೇಳಿ, ಕಂಬಿಯ ದಪ್ಪ ಅಳೆದುಕೊಂಡು ಬಂದೆ. ನನ್ನ ಮಾದರಿಯಲ್ಲಿ ಸಾಕ್ಷ್ಯ ಸಿಕ್ಕಿದ್ದು ಒಂದು ಲೇಯರ್ (ಪದರ), ಊಹಿಸಿದ್ದು ಇನ್ನೊಂದು ಲೇಯರ್. ಎರಡನ್ನೂ ಎಂದೂ ಬೆರೆಸುವುದಿಲ್ಲ.

ಟವರಿನ ಹಳೆ ಫೋಟೋ ಸಿಕ್ಕಿದ್ದು ರೈತನ ತಾಯಿಯ ಪೆಟ್ಟಿಗೆಯಲ್ಲಿ. ಅಂಗೈಯಗಲ, ಒಂದು ಮೂಲೆ ಹರಿದಿತ್ತು. ಹಿಂದೆ ಪೆನ್ಸಿಲ್‌ನಲ್ಲಿ 1944 ಜೂನ್, ಮಧ್ಯಾಹ್ನ 3 ಗಂಟೆ ಅಂತ ಬರೆದಿತ್ತು. ಅದನ್ನು ತೆಗೆದ ಜಾಗಕ್ಕೇ ಹೋಗಿ ನಿಂತೆ. ಗೋಡೆಯ ಎರಡು ಅಂಚು ಕೂಡಿದವು, ಬಾಲ್ಕನಿಯ ತಳ ಮಾತ್ರ ಕೂಡಲಿಲ್ಲ. ನಾಲ್ಕು ಸಲ ಹೋಗಿ ಬಂದೆ. ಐದನೇ ರಾತ್ರಿ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಕಣ್ಣಿಗೆ ಬಿತ್ತು. ಟವರ್ ಮುಂದೆ ಮೂವರು ನಿಂತಿದ್ದಾರೆ, ದೂರದ ದಿಗಂತದ ಗೆರೆ ಮೂವರ ತಲೆಗಿಂತಲೂ ಮೇಲೆ ಹಾದುಹೋಗುತ್ತದೆ. ಹಾಗಾದರೆ ಕ್ಯಾಮೆರಾ ಅವರ ತಲೆಗಿಂತ ಮೇಲಿತ್ತು. ತೆಗೆದವನು ಲಾರಿಯ ಮೇಲೆ ನಿಂತಿರಬೇಕು. ಮರುದಿನ ಕಂಬವನ್ನು ಎರಡೂವರೆ ಮೀಟರ್‌ಗೆ ಏರಿಸಿದೆ. ಕೂಡಿತು. ಆ ಚಳಿಯಲ್ಲಿ ಒಬ್ಬನೇ ನಿಂತು ಜೋರಾಗಿ ಕೂಗಿಬಿಟ್ಟೆ.

ನೆರಳು ಇನ್ನೊಂದು ಕಥೆ. 3 ಗಂಟೆ ಅಂತ ಬರೆದಿದೆಯಲ್ಲ, ಇವತ್ತಿನ ಬೇಸಿಗೆ ಸಮಯದ ಲೆಕ್ಕದಲ್ಲಿ ಬ್ಲೆಂಡರ್‌ನ ಸೂರ್ಯನನ್ನು ಇಟ್ಟೆ. ನೆರಳು ಫೋಟೋದ ನೆರಳಿಗೆ ಹತ್ತಿರವೂ ಬರಲಿಲ್ಲ. ದಿಕ್ಸೂಚಿ ತಪ್ಪೇನೋ ಅಂತ ಇಡೀ ಮಾದರಿ ತಿರುಗಿಸಿದೆ, ಎರಡು ದಿನ ಹೋಯಿತು. ಕೊನೆಗೆ ಗೊತ್ತಾಯಿತು, ಯುದ್ಧಕಾಲದ ಬೇಸಿಗೆಯಲ್ಲಿ ಬ್ರಿಟನ್ ಗಡಿಯಾರವನ್ನು ಗ್ರೀನಿಚ್‌ಗಿಂತ 2 ಗಂಟೆ ಮುಂದೆ ಇಟ್ಟಿತ್ತು. ಈಗ ಒಂದೇ ಗಂಟೆ. ಅಂದರೆ ಆ 3 ಗಂಟೆ ಇವತ್ತಿನ 2 ಗಂಟೆ. ಒಂದು ಗಂಟೆ ಹಿಂದೆ ಸರಿಸಿದ ಕೂಡಲೇ ಬಾಲ್ಕನಿ ನೆರಳು ಬಾಗಿಲ ಮೇಲೆ ಸರಿಯಾಗಿ ಬಂದು ಬಿತ್ತು. 1944ರ ಬೇಸಿಗೆ ಫೋಟೋ ಹಿಡಿದು ಕೆಲಸ ಮಾಡುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಕಿಟಕಿ ಗಾಜಿಗೆ ಅದೇ ಜಾಗದಲ್ಲಿ ತೆಗೆದ 360 ಡಿಗ್ರಿ ಆಕಾಶವನ್ನೇ ಪ್ರತಿಬಿಂಬವಾಗಿ ಕೊಟ್ಟೆ. ಸಾಫ್ಟ್‌ವೇರ್ ಜೊತೆ ಬರುವ ಆಕಾಶ ಹಾಕಿದರೆ ಕಣ್ಣಿಗೆ ಸುಳ್ಳು ಗೊತ್ತಾಗುತ್ತದೆ. ಐವಿ ಹಿಂದಿನ ಗಾರೆಯನ್ನು ಹೇಗೆ ತುಂಬಿದೆ ಅಂತ ಹಲವರು ಕೇಳಿದ್ದಾರೆ. ಆ ಗೋಡೆಯ ಉತ್ತರ ಮುಖದಿಂದಲೇ ತೆಗೆದದ್ದು, ಅಷ್ಟು ಹೇಳುತ್ತೇನೆ. ಪಾಚಿ ಕಲೆ ಬಿಡಿಸುವ ಕ್ರಮ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದಿಷ್ಟು ಪ್ರಯೋಗ ನಡೆಯಿತು. ಪಕ್ಕದ ನಿಸ್ಸೆನ್ ಗುಡಿಸಲಿನ (ತಗಡು ಬಗ್ಗಿಸಿ ಕಟ್ಟಿದ ಸೈನಿಕ ಶೆಡ್) ಕೊನೆ ಗೋಡೆಯಲ್ಲಿ ಏನೋ ಬಣ್ಣದ ಛಾಯೆ ಇತ್ತು. ಪಕ್ಕದ ಸಫೋಕ್‌ನ ಹಾರಮ್ ನೆಲೆಯ ಹಳೆ ಕ್ಲಬ್ಬಿನಲ್ಲಿ ಸೈನಿಕರು ಬರೆದ ದೊಡ್ಡ ಗೋಡೆ ಚಿತ್ರಗಳು ಉಳಿದಿವೆ, ಅವನ್ನು ನೋಡಿ ಬಂದ ಮೇಲೆ ನನಗೂ ಆಸೆ. ಕತ್ತಲಾದ ಮೇಲೆ ಗೋಡೆಗೆ ಒರಗಿಸಿ ಟಾರ್ಚ್ ಹಿಡಿದೆ, ಬೆಳಕು ಪಕ್ಕದಿಂದ ಉಜ್ಜಿಕೊಂಡು ಹೋಗುವ ಹಾಗೆ. ಬಣ್ಣದ ದಪ್ಪ ಎದ್ದು ಕಂಡಿತು. ಅದೇ ಫೋಟೋವನ್ನು ಡಿಸ್ಟ್ರೆಚ್‌ಗೆ ಹಾಕಿದೆ. ಬಂಡೆ ಚಿತ್ರ ಓದಲು ಮಾಡಿದ ಸಾಧನ ಅದು. ಬಂದದ್ದು ಚಿತ್ರ ಅಲ್ಲ, ಸೈಕಲ್ ನಿಲ್ಲಿಸಬಾರದು ಅಂತ ಅಚ್ಚೊತ್ತಿದ ಅಕ್ಷರ. ನನಗೆ ಅದೂ ಬಂಗಾರವೇ. ಅಲ್ಟ್ರಾವಯಲೆಟ್ ಟಾರ್ಚ್‌ಗೂ 40 ಪೌಂಡ್ ಸುರಿದೆ, ಅದರಿಂದ ಏನೂ ಸಿಗಲಿಲ್ಲ.

ದುಡ್ಡಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಕ್ಯಾಮೆರಾ, ಲೆನ್ಸ್ 700 ಪೌಂಡ್. ಡ್ರೋನ್ 300, ಹೋಯಿತು. ಸಾಫ್ಟ್‌ವೇರ್ 150, ಬ್ಲೆಂಡರ್ ಪುಕ್ಕಟೆ. ಹಳೆ ಗ್ರಾಫಿಕ್ಸ್ ಕಾರ್ಡ್ 350. ಪೆಟ್ರೋಲ್ ಮೂರು ವರ್ಷಕ್ಕೆ 400 ಇರಬಹುದು. ಒಂದು ಹಾರ್ಡ್ ಡಿಸ್ಕ್ ಕೈಕೊಟ್ಟು ಒಳಗಿನ ಕೋಣೆಗಳ ಫೋಟೋ ಎಲ್ಲ ಹೋದವು, ಮತ್ತೆ ತೆಗೆಯುವಷ್ಟರಲ್ಲಿ ಚಾವಣಿ ಕುಸಿದಿತ್ತು. ಅದು ಯಾವ ದುಡ್ಡಿಗೂ ಬರುವುದಿಲ್ಲ. ಈಗ ಎರಡು ಕಡೆ ಪ್ರತಿ ಇಡುತ್ತೇನೆ, ಅವತ್ತು ರಾತ್ರಿಯೇ. ಹತ್ತಿರ ಹತ್ತಿರ 2000 ಪೌಂಡ್ ಹೋಗಿದೆ, ಊರಿನ ಇತಿಹಾಸದ ಗುಂಪು ಫಲಕಕ್ಕೆ ಕೊಟ್ಟದ್ದು 600. ಹೆಂಡತಿ ಲೆಕ್ಕ ನೋಡಿ ಏನೂ ಅನ್ನಲಿಲ್ಲ. ಫಲಕ ನೆಡುವ ದಿನ ಚಿತ್ರಾನ್ನ ಮಾಡಿ ಎಲ್ಲರಿಗೂ ಕಟ್ಟಿಕೊಂಡು ಬಂದಳು.

ಅವತ್ತು ರೈತನ ತಾಯಿಯೂ ಬಂದಿದ್ದರು. ಗಾಲಿಕುರ್ಚಿಯಲ್ಲಿ ತುಂಬ ಹೊತ್ತು ನೋಡಿದರು. 1944ರಲ್ಲಿ ಅವರಿಗೆ 8 ವರ್ಷ, ದಿನಾ ಬೇಲಿ ಪಕ್ಕ ನಿಲ್ಲುತ್ತಿದ್ದರಂತೆ. "ಎಲ್ಲ ಸರಿ ಇದೆ, ಮಗು. ಆದರೆ ಮೇಲಿನ ಆ ಎಡಗಡೆ ಕಿಟಕಿ ಇದೆಯಲ್ಲ, ಬೇಸಿಗೆಯಲ್ಲಿ ಅದನ್ನು ಯಾವತ್ತೂ ಮುಚ್ಚುತ್ತಿರಲಿಲ್ಲ. ಒಳಗಿನಿಂದ ರೇಡಿಯೋ ಹಾಡು ಕೇಳಿಸುತ್ತಿತ್ತು" ಅಂದರು. ಫೋಟೋದಲ್ಲಿ ಆ ಕಿಟಕಿ ಇರುವ ಕಡೆಯೇ ಮೂಲೆ ಹರಿದಿದೆ. ನಾನು ಮುಚ್ಚಿದ ಹಾಗೆ ಮಾಡಿದ್ದು ಬರೀ ಊಹೆ.

ಮನೆಗೆ ಬಂದು ಅವರ ಮಾತಿಗೆ ಮೂರನೇ ಲೇಯರ್ ಮಾಡಿ, ಕಿಟಕಿ ತೆರೆದಿಟ್ಟು ಮತ್ತೆ ರೆಂಡರ್‌ಗೆ, ಅಂದರೆ ಮಾದರಿಯಿಂದ ಚಿತ್ರ ತೆಗೆಯಲು, ಹಾಕಿದೆ. ನಲವತ್ತು ನಿಮಿಷ ತೆಗೆದುಕೊಂಡಿತು. ಆ ಪ್ರಿಂಟ್ ಈಗ ಅವರ ಹಾಸಿಗೆ ಪಕ್ಕದ ಗೋಡೆಯಲ್ಲಿದೆ.