ನಡಾವಳಿ ಬಿಟ್ಟು ರಸೀದಿ ಹಿಡಿದೆ: 118 ಹೆಂಗಸರ ಹೆಸರು ಸಿಕ್ಕಿದ ಬಗೆ

ಅಮೆರಿಕದ ಒಹಾಯೊ ರಾಜ್ಯದ ನಮ್ಮ ಊರಿನ ಇತಿಹಾಸ ಸಂಘದಲ್ಲಿ ಎಂಟು ವರ್ಷದಿಂದ ಶನಿವಾರಗಳಂದು ಹಳೇ ಕಡತ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ವುಮನ್ಸ್ ರಿಲೀಫ್ ಕೋರ್‌ನ ಸ್ಥಳೀಯ ಶಾಖೆಯ ದಾಖಲೆ ಹನ್ನೊಂದು ಪೆಟ್ಟಿಗೆ ತುಂಬ ಇತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದವರ ಸಂಘ ಗ್ರಾಂಡ್ ಆರ್ಮಿ. ಅದರ ಜೊತೆಗೆ ನಿಂತು ಕೆಲಸ ಮಾಡಲು 1883ರಲ್ಲಿ ಡೆನ್ವರ್‌ನಲ್ಲಿ ಹುಟ್ಟಿದ ಹೆಂಗಸರ ಸಂಘ ಇದು. ಮುದಿ ಸೈನಿಕರಿಗೆ, ವಿಧವೆಯರಿಗೆ ಕಲ್ಲಿದ್ದಲು, ದಿನಸಿ, ಬಟ್ಟೆ ಕೊಟ್ಟವರು ಇವರು.

ಆದರೆ ತೊಂದರೆ ಒಂದಿತ್ತು. ನಡಾವಳಿ ಪುಸ್ತಕದಲ್ಲಿ ಒಬ್ಬ ಹೆಂಗಸಿಗೂ ಸ್ವಂತ ಹೆಸರಿಲ್ಲ. ಮಿಸೆಸ್, ಗಂಡನ ಇನಿಷಿಯಲ್ಲು, ಗಂಡನ ಮನೆತನ, ಅಷ್ಟೇ. ನನ್ನ ಅಜ್ಜಿಯನ್ನೂ ಊರಲ್ಲಿ "ಶಾನುಭೋಗರ ಮನೆಯವರು" ಅಂತಲೇ ಕರೆಯುತ್ತಿದ್ದರು. ಅವರ ಹೆಸರು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅದಕ್ಕೇ ಇರಬೇಕು, ಇದನ್ನು ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಸಂಘದ ಹಿರಿಯರು "ಮೂವತ್ತು ಹೆಸರು ಸಿಕ್ಕರೆ ನಿನ್ನ ಪುಣ್ಯ" ಅಂದರು.

ಮೊದಲ ವರ್ಷ ಪೂರ್ತಿ ಹಾಳಾಯಿತು. ಕೈಬರಹ ಓದುವ ಒಂದು ಸಾಫ್ಟ್‌ವೇರ್‌ಗೆ ಸುಮಾರು 200 ಡಾಲರ್ ಸುರಿದೆ. ಕಾರ್ಯದರ್ಶಿ ಬದಲಾದಾಗಲೆಲ್ಲ ಅದು ಅಡ್ಡದಾರಿ ಹಿಡಿಯಿತು. ಆಮೇಲೆ ಹೆಂಡತಿಯ ಹೆಸರು ಸಿಗಬಹುದು ಅಂತ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಗಂಡಂದಿರ ಪಿಂಚಣಿ ಕಡತ ತರಿಸಿದೆ. ಒಂದೊಂದಕ್ಕೂ 80 ಡಾಲರ್ ಹತ್ತಿರ. ಒಂಬತ್ತು ಕಡತ ತರಿಸುವಷ್ಟರಲ್ಲಿ ಕೈ ಖಾಲಿ. ಅದರಲ್ಲಿ ನಾಲ್ಕು ಬೇರೆ ಯಾರದ್ದೋ, ಹೆಸರು ಮಾತ್ರ ಒಂದೇ. ದೊಡ್ಡ ತಪ್ಪು ಇನ್ನೊಂದಿತ್ತು. ಸದಸ್ಯೆಯರೆಲ್ಲ ಸೈನಿಕರ ಹೆಂಡತಿಯರು ಅಂದುಕೊಂಡಿದ್ದೆ. ಸೈನಿಕರ ಹೆಂಡತಿ, ತಾಯಿ, ಮಗಳು, ಅಕ್ಕತಂಗಿಯಂಥ ಹತ್ತಿರದವರೇ ಆಗಿರಬೇಕು ಅನ್ನುವ ನಿಯಮ ಇದ್ದದ್ದು ಲೇಡೀಸ್ ಆಫ್ ದಿ ಗ್ರಾಂಡ್ ಆರ್ಮಿ ಅನ್ನುವ ಇನ್ನೊಂದು ಸಂಘಕ್ಕೆ. ರಿಲೀಫ್ ಕೋರ್‌ಗೆ ದೇಶನಿಷ್ಠೆಯುಳ್ಳ ಯಾವ ಹೆಂಗಸಾದರೂ ಸೇರಬಹುದಿತ್ತು. ಹಾಗಾಗಿ ಇಲ್ಲದ ಸೈನಿಕರನ್ನು ಎರಡು ತಿಂಗಳು ಹುಡುಕಿದ್ದೇನೆ.

ದಾರಿ ಸಿಕ್ಕಿದ್ದು ಖಜಾಂಚಿಯ ಪೆಟ್ಟಿಗೆಯಲ್ಲಿ. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಒಳಗೆ ದಿನಸಿ ಬಿಲ್ಲು, ಕಲ್ಲಿದ್ದಲಿನ ಚೀಟಿ, ದಾರದಲ್ಲಿ ಪೋಣಿಸಿದ ರಸೀದಿ. ಸಭೆಯಲ್ಲಿ ಮಿಸೆಸ್ ಆಗಿದ್ದವರು ದುಡ್ಡು ಮುಟ್ಟಿದ ಕಡೆ ತಮ್ಮ ಹೆಸರಲ್ಲೇ ಸಹಿ ಹಾಕಿದ್ದರು! ರಸೀದಿಯ ತಾರೀಖು, ಮೊತ್ತ ಹಿಡಿದು ನಡಾವಳಿಯ ನಿರ್ಣಯಕ್ಕೆ ಜೋಡಿಸಿದರೆ ಎರಡು ಹೆಸರೂ ಒಬ್ಬರದ್ದೇ ಅಂತ ಗೊತ್ತಾಗುತ್ತದೆ. ಮೊದಲ ಶನಿವಾರವೇ ಹದಿನಾಲ್ಕು ಹೆಸರು ಸಿಕ್ಕಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ವಿಧವೆಯರಿಗೆ 1890ರ ಸೈನಿಕರ ಗಣತಿ ನೋಡಿ. ಆ ವರ್ಷದ ಸಾಮಾನ್ಯ ಜನಗಣತಿಯ ಹಾಳೆ 1921ರ ಬೆಂಕಿಯಿಂದಾಗಿ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಸೈನಿಕರ ಹಾಳೆ ಮಾತ್ರ, ರಾಜ್ಯಗಳ ಹೆಸರಿನ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ, ಕೆಂಟಕಿಯ ಅರ್ಧದಿಂದ ಮುಂದಕ್ಕೆ ಉಳಿದಿದೆ. ಒಹಾಯೊ ಅದರಲ್ಲಿ ಬರುತ್ತದೆ, ನಮ್ಮ ಅದೃಷ್ಟ. ಇಂಡಿಯಾನಾದವರಿಗೆ ಈ ದಾರಿ ಹೆಚ್ಚುಕಮ್ಮಿ ಇಲ್ಲ. ಇಂಥವರ ವಿಧವೆ ಇಂಥವಳು ಅಂತ ಅದರಲ್ಲಿ ಹೆಂಗಸಿನ ಹೆಸರೇ ಇರುತ್ತದೆ. ಗಂಡ ಸೈನಿಕನೋ ಅಲ್ಲವೋ ಅನ್ನುವ ಅನುಮಾನಕ್ಕೆ 1910ರ ಗಣತಿಯ ಕೊನೇ ಕಾಲಂಗಳಲ್ಲಿ "ಯುಎ" (ಯೂನಿಯನ್ ಆರ್ಮಿ, ಅಂದರೆ ಉತ್ತರದ ಸೈನ್ಯ) ಗುರುತು ಇದೆಯಾ ನೋಡಿ. ಒಂದೇ ಇನಿಷಿಯಲ್ಲಿನ ಇಬ್ಬರು ಒಂದೇ ಬೀದಿಯಲ್ಲಿದ್ದರೆ ಬೇರ್ಪಡಿಸಲು ನನ್ನದೇ ಒಂದು ಉಪಾಯ ಇದೆ. ಅದನ್ನು ಈಗಲೇ ಹೇಳಲ್ಲ, ಪಟ್ಟಿ ಅಚ್ಚಾಗಲಿ.

ಮಧ್ಯೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಒಂದು ಜಮಾ-ಖರ್ಚು ಪುಸ್ತಕ ನೀರು ಕುಡಿದು ಶಾಯಿ ಮಾಸಿತ್ತು. ತಜ್ಞರೊಬ್ಬರು 1,500 ಡಾಲರ್ ಕೇಳಿದರು. ನಾನು ಮೂವತ್ತು ಡಾಲರ್ ಕೊಟ್ಟು 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್ ತಂದೆ. ಕತ್ತಲೆ ಕೋಣೆಯಲ್ಲಿ ಕಾಗದ ಮಿನುಗುತ್ತದೆ, ಕಬ್ಬಿಣ ಬೆರೆತ ಹಳೇ ಶಾಯಿ ಕಪ್ಪಾಗಿ ಎದ್ದು ಕಾಣುತ್ತದೆ. ಪುಟಕ್ಕೆ ಕೆಲವೇ ಸೆಕೆಂಡು ಬಿಟ್ಟು ಫೋಟೋ ತೆಗೆದೆ. ಜಾಸ್ತಿ ಹೊತ್ತು ಬಿಟ್ಟರೆ ಕಾಗದಕ್ಕೆ ಪೆಟ್ಟು. ಕಣ್ಣಿಗೆ ಅತಿನೇರಳೆ ತಡೆಯುವ ಕನ್ನಡಕ ಮರೆಯಬೇಡಿ. ಸುಮಾರು 60 ಪುಟದಲ್ಲಿ 50 ಓದಲು ಬಂತು. ಅದಕ್ಕಿಂತ ಮುಂಚೆ ಬೂಷ್ಟು ಹಿಡಿದ ಇನ್ನೊಂದು ಪುಸ್ತಕವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಒಣಗಿಸಲು ಹೋಗಿ ಬೈಂಡು ಸೆಟೆದುಕೊಂಡಿತು. ಆ ನೋವು ಇನ್ನೂ ಇದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಒಟ್ಟು 140 ಸದಸ್ಯೆಯರಲ್ಲಿ 118 ಜನರ ಹೆಸರು ಖಚಿತವಾಗಿದೆ. ಖರ್ಚು, ಪೆಟ್ರೋಲೂ ಸೇರಿ, 1,400 ಡಾಲರ್ ಆಗಿರಬಹುದು. ಅದರಲ್ಲಿ ಹೆಚ್ಚಿನ ಪಾಲು ಮೊದಲ ವರ್ಷದ ತಪ್ಪಿಗೇ ಹೋಯಿತು. ಒಬ್ಬಾಕೆ ಯುದ್ಧದಲ್ಲಿ ದಾದಿಯಾಗಿದ್ದವಳು. 1892ರ ಕಾಯ್ದೆಯ ಪ್ರಕಾರ ತಿಂಗಳಿಗೆ 12 ಡಾಲರ್ ಪಿಂಚಣಿ ಪಡೆದಿದ್ದಾಳೆ. ದಾದಿಯರಿಗೆ ಆ ಪಿಂಚಣಿ ಸಿಗಲಿ ಅಂತ ಹೋರಾಡಿದ್ದೂ ಇದೇ ರಿಲೀಫ್ ಕೋರ್, ಅದರ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದ ಆ್ಯನಿ ವಿಟೆನ್‌ಮಾಯರ್ ಅದರಲ್ಲಿ ಮುಂದಿದ್ದರು. ನಮ್ಮ ನಡಾವಳಿಯಲ್ಲಿ ಆಕೆ ಇಪ್ಪತ್ತು ವರ್ಷ ಬರೀ ಮಿಸೆಸ್.

ಉಳಿದ 22 ಜನರಲ್ಲಿ ಒಂಬತ್ತು ಜನರ ಗಂಡಂದಿರ ಕಡತ ವಾಷಿಂಗ್ಟನ್‌ನಲ್ಲಿದೆ. ಅಲ್ಲಿಗೇ ಹೋದರೆ ನಮ್ಮ ಕ್ಯಾಮೆರಾದಲ್ಲೇ ಫೋಟೋ ತೆಗೆಯಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮುಂದಿನ ತಿಂಗಳಿಗೆ ಬಸ್ ಟಿಕೆಟ್ ಮಾಡಿಸಿದ್ದೇನೆ.